ಸಂದು ಚುಕ್ಕಿಯ ಬೆಟ್ಟ

ಒಂದೇ ಬಸಳೆಯ ಪದಾರ್ಥ ತವರಿನಲ್ಲಿ ಒಂದು ರುಚಿ, ಗಂಡನ ಮನೆಯಲ್ಲಿ ಇನ್ನೊಂದು ರುಚಿ. ತೆಂಗಿನಕಾಯಿ ಅದೇ, ಮೆಣಸು ಅದೇ, ಬಸಳೆಯ ಬಳ್ಳಿ ಕೂಡ ತವರಿನಿಂದ ತಂದು ನೆಟ್ಟದ್ದೇ. ಆದರೂ ಮೊದಲ ತುತ್ತಿಗೇ ನಾಲಗೆ ಹೇಳಿಬಿಡುತ್ತದೆ, ಇದು ಆ ಮನೆಯದಲ್ಲ ಎಂದು. ಮದುವೆಯಾಗಿ ಹೋದ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಇದು. ವಿಡಿಯೋ ಗೇಮಿಗೂ ಈ ಮಾತು ಸಲ್ಲುತ್ತದೆ ಎಂದರೆ ಮಾತ್ರ ನೀವು ನಕ್ಕೀರಿ. ನಗಿ, ಅಡ್ಡಿಯಿಲ್ಲ. ನಮ್ಮ ಮನೆಯವರೂ ನಕ್ಕಿದ್ದಾರೆ.

ನನ್ನ ತವರು ಫರಂಗಿಪೇಟೆ. ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಂಡೆಯಲ್ಲಿರುವ ಪುಟ್ಟ ಪೇಟೆ. ಫರಂಗಿಗಳೆಂದರೆ ಪೋರ್ಚುಗೀಸರು. 1526ರಲ್ಲಿ ಅವರ ಪಾದ್ರಿಗಳು ಕಟ್ಟಿದರೆನ್ನುವ ಮೊಂತೆ ಮರಿಯಾನೊ ಇಗರ್ಜಿ ಊರಿನ ಹೆಸರಿಗೆ ಸಾಕ್ಷಿಯಂತೆ ಇಂದೂ ಉಂಟು. ಹೊರಗಿನಿಂದ ಬಂದದ್ದು ನಮ್ಮೂರಿಗೆ ಹೊಸತಲ್ಲ ಎಂದು ಹೇಳಲಿಕ್ಕೆ ಇಷ್ಟು ಬರೆದೆ. 1992ರ ಬೇಸಗೆಯಲ್ಲಿ ನಮ್ಮ ಮನೆಯ ಚಾವಡಿಗೂ ಹೊರಗಿನದೊಂದು ಬಂತು. ಬಹರೈನಿನಲ್ಲಿದ್ದ ಅಣ್ಣ ಎರಡು ವರ್ಷದ ಬಳಿಕ ರಜೆಯಲ್ಲಿ ಬಂದವನು ಸೆಂಟು, ಸಾಬೂನು, ಮಿಕ್ಸಿಗಳ ಜೊತೆ ಬೂದುಬಣ್ಣದ ಒಂದು ಪೆಟ್ಟಿಗೆ ತಂದಿದ್ದ. ನಿಂಟೆಂಡೊ. ಆ ವರ್ಷಗಳಲ್ಲಿ ನಮ್ಮ ಕಡೆಯ ಪೇಟೆಗಳಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಅದರ ನಕಲುಗಳು, ನೆತ್ತಿಯ ಮೇಲೆ ಕ್ಯಾಸೆಟ್ಟು ಚುಚ್ಚುವಂಥವು. ಇದು ಅಸಲು. ವಿ.ಸಿ.ಆರ್.ನ ಹಾಗೆ ಎದುರಿನ ಬಾಗಿಲು ತೆರೆದು ಕ್ಯಾಸೆಟ್ಟು ಒಳಗೆ ತಳ್ಳಬೇಕಿತ್ತು.

ಜೊತೆಗಿದ್ದ ಕ್ಯಾಸೆಟ್ಟುಗಳಲ್ಲಿ ಒಂದರ ಹೆಸರು 'ಸ್ನೇಕ್ ರ್‍ಯಾಟಲ್ ಎನ್ ರೋಲ್'. ಇಂಗ್ಲೆಂಡಿನ ರೇರ್ ಎಂಬ ಕಂಪೆನಿ ಮಾಡಿ, 1990ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆಟ. ರ್‍ಯಾಟಲ್ ಒಂದು ಹಾವು, ರೋಲ್ ಇನ್ನೊಂದು. ಎರಡೂ ಸೇರಿ ಒಂದು ಬೆಟ್ಟ ಹತ್ತಬೇಕು. ದಾರಿಯಲ್ಲಿ ಪುಟಿಯುತ್ತ ಓಡಾಡುವ ಬಣ್ಣದ ಉಂಡೆಗಳನ್ನು ನಾಲಗೆ ಚಾಚಿ ನುಂಗಬೇಕು. ನುಂಗಿದಂತೆ ಬಾಲ ಉದ್ದವಾಗುತ್ತದೆ. ಸಾಕಷ್ಟು ಬೆಳೆದ ಮೇಲೆ ಅಲ್ಲೊಂದು ತೂಕದ ಯಂತ್ರ ಉಂಟು, ಅದರ ಮೇಲೆ ಹಾರಿ ಕುಳಿತರೆ ಗಂಟೆ ಹೊಡೆದು ಬಾಗಿಲು ತೆರೆಯುತ್ತದೆ. ಬಾಗಿಲಾಚೆ ಮುಂದಿನ ಹಂತ. ವೈರಿಗಳು ತಾಗಿದರೆ ಬಾಲ ಕಡಿಮೆಯಾಗುತ್ತದೆ, ಎತ್ತರದಿಂದ ಬಿದ್ದರೆ ಜೀವ ಹೋಗುತ್ತದೆ, ನೀರಿನಲ್ಲಿ ತುಂಬ ಹೊತ್ತು ನಿಂತರೆ ಶಾರ್ಕು ಬಂದು ನುಂಗುತ್ತದೆ. ಹೀಗೆ ಒಟ್ಟು ಹನ್ನೊಂದು ಹಂತ.

ಹಾವೆಂದ ಕೂಡಲೇ ನಮ್ಮ ದೊಡ್ಡಮ್ಮ ಬೆಚ್ಚಿಬಿದ್ದರು. ಹಿತ್ತಿಲ ಮೂಲೆಯಲ್ಲಿ ನಾಗಬನವಿರುವ ಮನೆಯಲ್ಲಿ ಇದೆಂಥ ಆಟ! "ನಾಗನನ್ನು ಕುಣಿಸುವುದು ಒಳ್ಳೆಯದಲ್ಲ ಮಕ್ಕಳೇ" ಎಂದರು. "ಇದಕ್ಕೆ ಹೆಡೆ ಇಲ್ಲ ದೊಡ್ಡಜ್ಜಿ, ಇದು ನಾಗ ಅಲ್ಲ" ಎಂದು ಅಣ್ಣನ ಹಿರಿಯ ಮಗ ವಾದಿಸಿದ. ಕೊನೆಗೆ ನಾಗರಪಂಚಮಿಯ ದಿನ ಆ ಕ್ಯಾಸೆಟ್ಟು ಮುಟ್ಟಬಾರದು ಎಂಬಲ್ಲಿಗೆ ರಾಜಿಯಾಯಿತು. ಆ ನಿಯಮವನ್ನು ಮಕ್ಕಳು ಕಡೆತನಕ ಪಾಲಿಸಿದರು ಎಂಬುದನ್ನೂ ಹೇಳಬೇಕು.

ಈ ಆಟದ ಚಿತ್ರ ಬೇರೆ ಆಟಗಳಂತಿರಲಿಲ್ಲ. ಮಾರಿಯೋ ಆಟದಲ್ಲಿ ಗೋಡೆಯ ಮೇಲೆ ಇರುವೆ ಹೋದ ಹಾಗೆ ಎಡದಿಂದ ಬಲಕ್ಕೆ ಓಡಿದರೆ ಮುಗಿಯಿತು. ಇದರಲ್ಲಿ ಮಾಳಿಗೆಯ ಮೂಲೆಯಲ್ಲಿ ನಿಂತು ಅಂಗಳವನ್ನು ಓರೆಯಾಗಿ ನೋಡಿದ ಹಾಗೆ ಕಾಣುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಚಿತ್ರದಲ್ಲಿ. ಇದಕ್ಕೆ ಐಸೋಮೆಟ್ರಿಕ್ ಎಂದು ಹೆಸರು. ದೂರ ಹೋದದ್ದು ಚಿಕ್ಕದಾಗುವುದಿಲ್ಲ, ಹತ್ತಿರ ಬಂದದ್ದು ದೊಡ್ಡದಾಗುವುದಿಲ್ಲ. ರೇರ್ ಕಂಪೆನಿಯನ್ನು ಕಟ್ಟಿದ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಅಣ್ಣತಮ್ಮಂದಿರು ಅದಕ್ಕೂ ಮೊದಲು, 1984ರಲ್ಲಿ, 'ನೈಟ್ ಲೋರ್' ಎಂಬ ಆಟದಲ್ಲಿ ಈ ಬಗೆಯ ಚಿತ್ರವನ್ನು ಮನೆಮನೆಯ ಟೀವಿಗೆ ತಂದು ಹೆಸರಾದವರು. ರಾತ್ರಿಯಾದರೆ ತೋಳವಾಗುವ ಮನುಷ್ಯನೊಬ್ಬ ನಲವತ್ತು ದಿನದೊಳಗೆ ಮದ್ದು ಹುಡುಕಬೇಕಾದ ಕಥೆ ಅದು. ಆಗಿನ ಯಂತ್ರಗಳ ನೆನಪಿನ ಶಕ್ತಿ ತೀರಾ ಕಡಿಮೆ. ಆ ಆಟ ಓಡಿದ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಇದ್ದದ್ದು 48 ಕಿಲೋಬೈಟು. ಒಂದು ಕಲ್ಲಿನ ಚಿತ್ರ ಬರೆದು ಅದನ್ನೇ ನೂರು ಕಡೆ ಜೋಡಿಸಿದರೆ ಆ ಜಾಗ ಸಾಲುತ್ತದೆ. ದೂರ ಹೋದ ಕಲ್ಲು ಚಿಕ್ಕದಾಗಬೇಕಿಲ್ಲವಾದ್ದರಿಂದ ಬೇರೆ ಬೇರೆ ಅಳತೆಯ ಚಿತ್ರಗಳ ಖರ್ಚೂ ಇಲ್ಲ. ಹೀಗೆ ಜೋಡಿಸುವ ತುಂಡುಗಳಿಗೆ ಅವರ ಭಾಷೆಯಲ್ಲಿ 'ಟೈಲ್' ಎನ್ನುತ್ತಾರಂತೆ. ಟೈಲ್ ಎಂದರೆ ಹಂಚು! 1865ರಿಂದ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಒಂದೇ ಅಚ್ಚಿನಿಂದ ಇಡೀ ಊರಿನ ಮಾಡು ಆಗುತ್ತದೆ.

ಆದರೆ ಆಡಲಿಕ್ಕೆ ಕಷ್ಟ. ರಿಮೋಟಿನ ಮೇಲೆ ಕೂಡಿಸುವ ಚಿಹ್ನೆಯಂಥ ಗುಂಡಿ: ಮೇಲೆ, ಕೆಳಗೆ, ಎಡ, ಬಲ. ಟೀವಿಯೊಳಗಿನ ನೆಲವೋ ಓರೆ. ಮೇಲಿನ ಗುಂಡಿ ಒತ್ತಿದರೆ ಹಾವು ಓರೆಯಾಗಿ ಹೋಗುತ್ತದೆ. ಮಕ್ಕಳು ಅಂದಾಜು ತಪ್ಪಿ ನೀರಿಗೆ ಬೀಳುತ್ತಾರೆ, ಕಿರುಚುತ್ತಾರೆ. ಇನ್ನೊಂದು ತೊಡಕೂ ಉಂಟು. ಇಂಥ ಚಿತ್ರದಲ್ಲಿ ದೂರ ಇರುವುದೂ ಎತ್ತರದಲ್ಲಿರುವುದೂ ಟೀವಿಯ ಮೇಲೆ ಒಂದೇ ಜಾಗದಲ್ಲಿ ಕಾಣುತ್ತವೆ. ಎತ್ತರದ ಕಲ್ಲೆಂದು ಹಾರಿದರೆ ಅದು ಹಿಂದಿನ ಕಲ್ಲಾಗಿರುತ್ತದೆ. ನಮ್ಮೂರಿನವರು ಅಣ್ಣನನ್ನು ನೋಡಿದ್ದೂ ಹೀಗೆಯೇ ಎಂದು ನನಗೆ ಆಮೇಲೆ ಅನಿಸಿದೆ. ಅವನು ದೂರದಲ್ಲಿದ್ದ, ಅಷ್ಟೆ. ಊರಿನ ಕಣ್ಣಿಗೆ ಎತ್ತರದಲ್ಲಿರುವಂತೆ ಕಂಡ. ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗುವ ವಿಷಯವನ್ನು ಅವನು ಅಮ್ಮನಲ್ಲಿ ಮಾತ್ರ ಹೇಳಿದ್ದ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಓದಿಸಿದ್ದು ಆ ಬೀಡಿ. ಬಂಟ್ವಾಳದ ಕಡೆಯವರಿಗೆ ಈ ಚಿತ್ರ ಹೇಳಬೇಕಾಗಿಲ್ಲ: ಚಾವಡಿಯ ಕಂಬಕ್ಕೆ ಒರಗಿ ಕಾಲು ನೀಡಿ ಕುಳಿತ ಹೆಂಗಸು, ತೊಡೆಯ ಮೇಲೆ ತಡ್ಪೆ, ಅದರಲ್ಲಿ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪು, ನೂಲು. ಸಂಜೆ ಬ್ರಾಂಚಿಗೆ ಕೊಂಡುಹೋಗುವ ಮುಂಚೆ ಲೆಕ್ಕ ತುಂಬಬೇಕು. ಮಜೂರಿ ಸಾವಿರದ ಲೆಕ್ಕಕ್ಕೆ. ಮಗ ಗಲ್ಫಿಗೆ ಹೋದ ಮೇಲೂ ಅಮ್ಮ ಬಿಡಲಿಲ್ಲ. "ಅವನದ್ದು ಅವನ ಸಾಲಕ್ಕೆ, ನನ್ನದು ನನ್ನ ವೀಳ್ಯಕ್ಕೆ" ಎನ್ನುತ್ತಿದ್ದರು.

ರಿಮೋಟು ಎರಡಿತ್ತು, ಹಾವೂ ಎರಡಿತ್ತು. ಮನೆಯಲ್ಲಿ ಮಕ್ಕಳು ಮೂವರು: ಅಣ್ಣನ ಇಬ್ಬರು ಗಂಡುಹುಡುಗರು ಮತ್ತು ರಜೆಗೆ ಬಂದ ಆರು ವರ್ಷದ ನನ್ನ ಮಗಳು. ಲೆಕ್ಕ ಹೇಗಾಗುತ್ತದೆಂದು ನೀವೇ ಊಹಿಸಬಲ್ಲಿರಿ. ಅವಳಿಗೆ ಸದಾ "ಇನ್ನೊಂದು ಆಟ ಆದ ಮೇಲೆ". ಕ್ಯಾಸೆಟ್ಟು ಹಿಡಿಯದಿದ್ದಾಗ ಅದರ ಬುಡಕ್ಕೆ ಊದುವ ಕೆಲಸ ಮಾತ್ರ ಅವಳದು, ನಾವು ಒಲೆ ಊದಿದ ಹಾಗೆ. ನಾನು ಎರಡು ಸಲ ಹೇಳಿ ನೋಡಿದೆ. ಅತ್ತಿಗೆ ಗದರಿದರು. ಗದರಿದಾಗ ಕೊಡುತ್ತಿದ್ದರು, ಬೆನ್ನು ತಿರುಗಿಸಿದರೆ ಕಿತ್ತುಕೊಳ್ಳುತ್ತಿದ್ದರು. ಅವಳು ಅಜ್ಜಿಯ ಮಗ್ಗುಲಿಗೆ ಹೋಗಿ ಕುಳಿತು ಎಲೆಯ ಚೂರಿನಲ್ಲಿ ಆಡುತ್ತಿದ್ದಳು.

ಅಲ್ಲಿಯೇ ಆ ಮಾತು ಬಂದದ್ದು. ಅಮ್ಮ ಬೀಡಿಯ ಬಾಯಿ ಮಡಚುತ್ತಲೇ ಟೀವಿ ನೋಡುತ್ತಿದ್ದವರು, "ಇದು ಸಂದು ಚುಕ್ಕಿ ಅಲ್ವಾ ಮಗಾ?" ಎಂದರು. ರಂಗೋಲಿ ಹಾಕುವ ನಿಮಗೆ ಗೊತ್ತು, ನೇರ ಚುಕ್ಕಿಯೆಂದರೆ ಚುಕ್ಕಿಯ ಕೆಳಗೆ ಚುಕ್ಕಿ. ಸಂದು ಚುಕ್ಕಿಯೆಂದರೆ ಎರಡು ಚುಕ್ಕಿಗಳ ನಡುವಿನ ಸಂದಿನ ಕೆಳಗೆ ಮೂರನೆಯದು. "ಸಂದು ಚುಕ್ಕಿಯಲ್ಲಿ ನೆಟ್ಟಗೆ ಕೆಳಗಿಳಿದರೆ ಚುಕ್ಕಿ ಸಿಗುವುದಿಲ್ಲ. ಓರೆ ಹೋಗಬೇಕು. ಇವರು ನೆಟ್ಟಗೆ ಹೋಗ್ಲಿಕ್ಕೆ ನೋಡ್ತಾರೆ, ಬೀಳ್ತಾರೆ." ಅಮ್ಮ ಖಾಲಿ ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿಯಿಂದಲೇ ಆರು ಚುಕ್ಕಿ ಸುತ್ತಲೂ, ಒಂದು ನಡುವೆ ಇಟ್ಟು ತೋರಿಸಿದರು. ಮೂರು ವಜ್ರದ ಆಕಾರ ಗೀಚಿದ ಕೂಡಲೇ ಚಪ್ಪಟೆ ತಡ್ಪೆಯಿಂದ ಒಂದು ಪೆಟ್ಟಿಗೆ ಎದ್ದು ನಿಂತಿತು! ಮಗಳು ಬಾಯಿಬಿಟ್ಟುಕೊಂಡು ನೋಡಿದಳು. ನಿಜ ಹೇಳಬೇಕೆಂದರೆ ನಾನೂ ನೋಡಿದೆ.

ಮರುವಾರ ಬ್ರಾಂಚಿಗೆ ಎಲೆ ಬರಲಿಲ್ಲ. ಎಲೆ ಬಾರದ ದಿನವೆಂದರೆ ಬೀಡಿ ಕಟ್ಟುವವರಿಗೆ ಸಂಬಳವಿಲ್ಲದ ರಜೆ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಟೀವಿಯ ಎದುರು ಹೋಗಿ ಕುಳಿತರು. ಗಂಡುಹುಡುಗರ ಕಡೆ ಎರಡೂ ಕೈ ಚಾಚಿ, "ಕೊಡಿ. ಒಂದು ನನಗೆ, ಒಂದು ಅವಳಿಗೆ" ಎಂದರು. ಅಜ್ಜಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆರು ವರ್ಷದ ಒಂದು ಹಾವು, ಐವತ್ತೇಳು ವರ್ಷದ ಒಂದು ಹಾವು ಬೆಟ್ಟ ಹತ್ತಲು ಹೊರಟವು. ಮೊದಲು ಬಿದ್ದವು, ಅನಂತರ ಬೀಳಲಿಲ್ಲ. ದಿನಕ್ಕೆ ಸಾವಿರ ಸಲ ನೂಲು ಸುತ್ತುವ ಬೆರಳುಗಳಿಗೆ ಆ ಗುಂಡಿ ಏನು ದೊಡ್ಡದು! ಸಂಜೆಯೊಳಗೆ ಮೂರು ಸಲ ಗಂಟೆ ಹೊಡೆಯಿತು. ಗಂಟೆ ಹೊಡೆದಾಗಲೆಲ್ಲ ಅಮ್ಮ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏಳುವ ಮುಂಚೆ ಹುಡುಗರಿಗೆ ಹೇಳಿದ್ದು ಒಂದೇ ಮಾತು: "ಎರಡು ಹಾವು ಉಂಟು ಮಕ್ಕಳೇ. ಒಂದು ಹೆಣ್ಣು ಅಂತ ತಿಳ್ಕೊಳ್ಳಿ." ಆ ರಜೆ ಮುಗಿಯುವವರೆಗೂ ಎರಡನೇ ರಿಮೋಟು ದಿನಕ್ಕೊಂದು ಗಂಟೆ ನನ್ನ ಮಗಳದ್ದಾಯಿತು. ಮರುದಿನ ಎಲೆ ಬಂತು, ಅಮ್ಮ ಕಂಬಕ್ಕೆ ಒರಗಿದರು.

1995ರಲ್ಲಿ ದುಬೈಯಲ್ಲಿದ್ದ ನನ್ನ ಮೈದುನ ಮೂಡುಬಿದಿರೆಯ ನಮ್ಮ ಮನೆಗೆ ಸೇಗ ಕಂಪೆನಿಯ ಮೆಗಾ ಡ್ರೈವ್ ತಂದ. ಅದರ ಜೊತೆಯಲ್ಲಿ ಅದೇ ಹಾವಿನ ಆಟ! 1993ರಲ್ಲಿ ಯುರೋಪಿನ ಮಾರುಕಟ್ಟೆಗಾಗಿ ಹೊರಬಂದ ಅವತರಣಿಕೆ ಅದು. ನಿಂಟೆಂಡೊ 8 ಬಿಟ್ಟಿನದು, ಇದು 16 ಬಿಟ್ಟಿನದು. ಬೆಟ್ಟ ಅದೇ, ತೂಕದ ಯಂತ್ರ ಅದೇ, ಗಂಟೆಯೂ ಅದೇ. ಬಣ್ಣ ಮಾತ್ರ ಹೆಚ್ಚು, ಕಲ್ಲುಗಳಿಗೆ ನೆರಳು ಬೆಳಕು, ಡೇವಿಡ್ ವೈಸ್ ಎಂಬವರು ಕೂಡಿಸಿದ ಸಂಗೀತಕ್ಕೆ ಬೇರೆಯೇ ಕಂಠ. ಮಗಳು ಎರಡು ನಿಮಿಷ ಆಡಿ, "ಇದು ಅಜ್ಜಿ ಮನೆಯದ್ದಲ್ಲ" ಎಂದಳು. ಬಸಳೆಯ ಮಾತು ನನಗೆ ಹೊಳೆದದ್ದು ಆಗಲೇ. ಅದರ ನಡುವೆ ಗೇಮ್‌ಬಾಯ್ ಎಂಬ ಅಂಗೈಯ ಯಂತ್ರಕ್ಕೂ ಈ ಹಾವುಗಳು 1991ರಲ್ಲಿ 'ಸ್ನೀಕಿ ಸ್ನೇಕ್ಸ್' ಎಂಬ ಹೆಸರಿನಲ್ಲಿ ಹೋಗಿದ್ದವು. ಅಲ್ಲಿ ಓರೆ ನೋಟವೇ ಇಲ್ಲ, ಬರೀ ಅಡ್ಡಡ್ಡ ಓಟ.

ಅತ್ತೆಯ ಮನೆಯಲ್ಲಿ ಕಾನೂನು ಬೇರೆ. ದೀಪ ಹಚ್ಚಿದ ಮೇಲೆ ಆಟವಿಲ್ಲ, ಅದು ಎಲ್ಲರಿಗೂ. ಆದರೆ "ಹೆಣ್ಣುಮಗುವಿಗೆ ಎಂಥಕ್ಕೆ ಇದು?" ಎಂಬ ಪ್ರಶ್ನೆ ಇವಳೊಬ್ಬಳಿಗೆ. ಒಂಬತ್ತು ವರ್ಷದವಳು ತಲೆಯೆತ್ತದೆ, "ಫರಂಗಿಪೇಟೆ ಅಜ್ಜಿಯೂ ಆಡ್ತಾರೆ" ಎಂದಳು. ಬೀಗಿತ್ತಿ ಆಡುತ್ತಾರೆಂದ ಮೇಲೆ ಅತ್ತೆ ಏನು ಹೇಳಿಯಾರು! ತುಸು ಹೊತ್ತು ಸುಮ್ಮನಿದ್ದು, "ಎಲ್ಲಿಯವರೆಗೆ ಹತ್ತಿದ್ದಾರೆ?" ಎಂದು ಕೇಳಿದರು.

ಸೇಗದ ಆಟದಲ್ಲಿ ಹನ್ನೆರಡನೆಯ ಹಂತವೊಂದು ಹೆಚ್ಚಿಗೆ ಇದೆ. ಗಂಡನ ಮನೆಗೆ ಬಂದ ಹಾವಿಗೂ ಒಂದು ಕೆಲಸ ಹೆಚ್ಚು ಎಂದು ನಾನು ನಕ್ಕದ್ದುಂಟು.

2004ರಲ್ಲಿ ಮಗಳು ಇಂಜಿನಿಯರಿಂಗ್ ಸೇರಿದಳು. ಮೊದಲ ವರ್ಷದ ಡ್ರಾಯಿಂಗಿನಲ್ಲಿ ಐಸೋಮೆಟ್ರಿಕ್ ಎಂಬ ಪಾಠ ಬರುತ್ತದೆ. ಅಲ್ಲಿ ಗೆರೆ ಮೂವತ್ತು ಡಿಗ್ರಿಗೆ ಓರೆ. ಆಟದವರು ಸಾಮಾನ್ಯವಾಗಿ ಎರಡು ಹೆಜ್ಜೆ ಅಡ್ಡ, ಒಂದು ಹೆಜ್ಜೆ ಮೇಲೆ ಎಂದು ಲೆಕ್ಕ ಹಿಡಿಯುವುದರಿಂದ ಅವರ ಓರೆ ತುಸು ಕಡಿಮೆ. ಗೆಳತಿಯರು ತಲೆ ಕೆರೆದುಕೊಳ್ಳುತ್ತಿದ್ದರೆ ಇವಳು ಹಾಸ್ಟೆಲಿನಲ್ಲಿ ಅವರಿಗೆ ಚುಕ್ಕಿಯಿಟ್ಟು ಪಾಠ ಹೇಳಿದಳಂತೆ. "ವಿಡಿಯೋ ಗೇಮಿನಿಂದ ಕಲಿತದ್ದಾ?" ಎಂದು ನಮ್ಮವರು ಕೇಳಿದರು. "ಅಲ್ಲ ಅಪ್ಪ, ತಡ್ಪೆಯಿಂದ" ಎಂದಳು.

ಅಮ್ಮ 2011ರಲ್ಲಿ ಹೋದರು. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿ ಬೀಡಿ ಬಿಟ್ಟಿದ್ದರೂ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತಲೇ ಇರುತ್ತಿದ್ದವು. ಅಷ್ಟರಲ್ಲಿ ಆ ಬೂದು ಪೆಟ್ಟಿಗೆಯೂ ಕೆಟ್ಟು ಅಟ್ಟ ಸೇರಿತ್ತು. ಹಾವುಗಳಿಗೆ ಮಾತ್ರ ಆಯುಸ್ಸು ಗಟ್ಟಿ. ರೇರ್ ಕಂಪೆನಿಯನ್ನು 2002ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2015ರಲ್ಲಿ ಅವರ ಹಳೆಯ ಮೂವತ್ತು ಆಟಗಳ ಸಂಪುಟ ಬಂದಾಗ ಈ ಆಟವೂ 'ನೈಟ್ ಲೋರ್' ಕೂಡ ಅದರಲ್ಲಿದ್ದವು. 2024ರ ಫೆಬ್ರವರಿಯಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೂ ಬಂತು. ಬೆಂಗಳೂರಿನಲ್ಲಿರುವ ಮಗಳು ಅದನ್ನು ಹಾಕಿ ಎರಡನೇ ರಿಮೋಟನ್ನು ನನ್ನ ಕೈಗಿಟ್ಟಳು. ಅಲ್ಲಿದ್ದುದು ತವರಿನ ಬೆಟ್ಟ, ಹನ್ನೊಂದೇ ಹಂತದ್ದು.

ಆಡುತ್ತ ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ಅಮ್ಮ ಬಾಳಿದ್ದು ಎಪ್ಪತ್ತಾರು ವರ್ಷ. ಅದರಲ್ಲಿ ಎರಡೂ ಕೈ ಖಾಲಿಯಾಗಿ, ಮನಸ್ಸಿಗೆ ಬಂದದ್ದನ್ನು ಹಿಡಿಯಲು ಸಿಕ್ಕ ಮಧ್ಯಾಹ್ನಗಳು ಎಷ್ಟು? ನನಗೆ ನೆನಪಿರುವುದು ಒಂದು. ಅದನ್ನೂ ಅವರು ಮೊಮ್ಮಗಳ ಪಾಲು ಕೇಳಲಿಕ್ಕೆ ಖರ್ಚು ಮಾಡಿದರು.