ಎಡ ಕಾರ್ನರ್, ಬಲ ಕಾರ್ನರ್

ಉತ್ತರಾಯಣ ಹತ್ತಿರ ಬಂತು ಅಂತ ಮೊನ್ನೆ ಅಟ್ಟದ ಮೇಲಿನ ಫಿರ್ಕಿ ಇಳಿಸೋಕೆ ಹತ್ತಿದ್ದೆ. ದಾರದ ಫಿರ್ಕಿಯ ಜೊತೆಗೆ ಹಳೆಯ ನೋಟ್‌ಬುಕ್ಕೊಂದು ಕೈಗೆ ಬಂತು. ಮುಂದಿನ ಪುಟಗಳಲ್ಲೆಲ್ಲ ಹಾಲಿನ ಲೆಕ್ಕ, ಇಸ್ತ್ರಿಯವನ ಲೆಕ್ಕ. ಕೊನೆಯ ಪುಟದಲ್ಲಿ ಮಾತ್ರ ಎರಡು ಚೌಕ, ಒಂದೊಂದರಲ್ಲೂ ಏಳೇಳು ಚುಕ್ಕಿ, ಅಲ್ಲಲ್ಲಿ ಬಾಣದ ಗುರುತು. ಕೆಳಗೆ ನನ್ನದೇ ಕೋಳಿಕಾಲಿನ ಅಕ್ಷರ: "ಕಾರ್ನರ್ - ಬೆಂಗಳೂರು. ಕವರ್ - ಗುಜರಾತ್. ಒಟ್ಟಾರೆ - ಗುಜರಾತ್. ಆದರೆ ಪವನ್???"

ತಾರೀಖು 30-12-2018. ಭಾನುವಾರ.

ಆ ಮೂರು ಪ್ರಶ್ನಾರ್ಥಕ ಚಿಹ್ನೆ ನೋಡಿ ನಗು ಬಂತು. ಏಣಿಯ ಮೇಲೇ ಕೂತು ಆ ದಿನವನ್ನೆಲ್ಲ ಇನ್ನೊಮ್ಮೆ ನೆನಪು ಮಾಡಿಕೊಂಡೆ. "ಫಿರ್ಕಿ ಸಿಕ್ತಾ, ಇಲ್ಲಾ ನೀವೇ ಕಳೆದುಹೋದ್ರಾ?" ಅಂತ ಕೆಳಗಿಂದ ಮನೆಯಾಕೆ ಕೂಗೋವರೆಗೂ.

ನಾನು ವಡೋದರಾಕ್ಕೆ ಬಂದಿದ್ದು 1986ರಲ್ಲಿ. ಮಕರಪುರಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಎರಡು ವರ್ಷ ಇದ್ದು ಹೋಗೋಣ ಅಂತ ಬಂದವನು. (ನಾವೆಲ್ಲ ಹಾಗೇ ಬಂದವರಲ್ಲವೇ?) ಬಂದ ಹೊಸದರಲ್ಲಿ ಪರಿಚಯವಾದ ಇಬ್ಬರು ಕನ್ನಡದವರು ಆಮೇಲೆ ಒಬ್ಬರು ಅಹಮದಾಬಾದಿಗೆ, ಇನ್ನೊಬ್ಬರು ಸೂರತ್ತಿಗೆ ಹೋಗಿ ನೆಲೆಸಿದರು. ಅಹಮದಾಬಾದಿನವರು ಬ್ಯಾಂಕಿನ ರಾಯರು, ಮಣಿನಗರದಲ್ಲಿ ಮನೆ. ಸೂರತ್ತಿನವರು ಹೋಟೆಲಿನ ಶೆಟ್ಟರು. ಮೂವರೂ ಸೇರಬೇಕೆಂದರೆ ನಮ್ಮ ಮನೆಯೇ ಅನುಕೂಲ. ಅತ್ತ ಅಹಮದಾಬಾದು, ಇತ್ತ ಸೂರತ್ತು, ನಡುವೆ ನಾವು. ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನಲ್ಲಿ ಸೇರುತ್ತೇವೆ. ಶೆಟ್ಟರು ಸೂರತ್ತಿನ ಪೋಂಕ್ ತರುತ್ತಾರೆ. ಎಳೆ ಜೋಳದ ಹಸಿರು ಕಾಳು, ಮೇಲೆ ನಿಂಬೆ-ಮೆಣಸಿನ ಸೇವು. ಅದನ್ನು ಬಾಯಿಗೆ ಹಾಕಿಕೊಂಡಾಗಲೆಲ್ಲ ನಾನು "ಇದು ನಮ್ಮ ಸೀತನಿ ಕಣ್ರೀ" ಅನ್ನೋದು, ಅವರಿಬ್ಬರೂ "ಗೊತ್ತು ಮಾರಾಯ್ರೆ, ಹೋದ ವರ್ಷವೂ ಹೇಳಿದ್ದೀರಿ" ಅನ್ನೋದು ನಮ್ಮ ಸಂಪ್ರದಾಯ.

ಆ ವರ್ಷ ಮಾತ್ರ ಪೋಂಕಿಗಿಂತ ದೊಡ್ಡ ವಿಷಯವಿತ್ತು. ಪ್ರೊ ಕಬಡ್ಡಿಯ ಆರನೇ ಸೀಸನ್ನು. ಹನ್ನೆರಡು ತಂಡ, ಎರಡು ವಲಯ. ಒಂದು ವಲಯದಲ್ಲಿ ಗುಜರಾತ್ ಫಾರ್ಚೂನ್‌ಜೈಂಟ್ಸ್ ಮೊದಲು, ಇನ್ನೊಂದರಲ್ಲಿ ಬೆಂಗಳೂರು ಬುಲ್ಸ್ ಮೊದಲು. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಇಬ್ಬರಿಗೂ ಮೊದಲ ಕ್ವಾಲಿಫೈಯರ್. ಗೆದ್ದವರು ನೇರ ಫೈನಲ್ಲಿಗೆ, ಸೋತವರಿಗೆ ಇನ್ನೊಂದು ಅವಕಾಶ.

ನಮ್ಮಂಥವರಿಗೆ ಬರಬಾರದ ಕಷ್ಟ ಬಂದಿತ್ತು. ಯಾರ ಕಡೆ ಇರೋದು? ಅನ್ನ ಕೊಟ್ಟ ಊರೋ, ಹುಟ್ಟಿದ ನಾಡೋ? ನವೆಂಬರಿನಲ್ಲಿ ರಾಯರ ಜೊತೆ ಕಾಂಕರಿಯಾ ಹತ್ತಿರದ ಟ್ರಾನ್ಸ್‌ಸ್ಟೇಡಿಯಾದಲ್ಲಿ ಕೂತು "ಗರ್ಜೇಗಾ ಗುಜರಾತ್" ಅಂತ ಗಂಟಲು ಹರಿದುಕೊಂಡವನು ನಾನು. ಇತ್ತ ಬುಲ್ಸ್ ಮೇಲೂ ಒಂದು ಮರುಕ. ಪಾಪ, 2017ರಲ್ಲಿ ಅವರ 'ತವರಿನ' ಪಂದ್ಯಗಳು ನಡೆದದ್ದು ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ. ಹೆಸರಿನಲ್ಲಿ ಮಾತ್ರ ಬೆಂಗಳೂರು, ಇರೋದು ಪರವೂರಿನಲ್ಲಿ. ಇಂಥ ತಂಡದ ಕಷ್ಟ ನಮಗಲ್ಲದೆ ಇನ್ಯಾರಿಗೆ ಅರ್ಥವಾದೀತು ಹೇಳಿ! ಅವರ ತರಬೇತಿ ಬಳಗದಲ್ಲಿ ನಮ್ಮ ಬಿ.ಸಿ. ರಮೇಶ್ ಬೇರೆ ಇದ್ದರು.

ಮಗ ಹುಟ್ಟಿದ್ದೇ ವಡೋದರಾದಲ್ಲಿ. ಅವನಿಗೆ ಈ ಗೊಂದಲವಿಲ್ಲ, ಅವನದು ಗುಜರಾತ್. ಮನೆಯಾಕೆ ಚಹಾ ತಂದಿಟ್ಟು ಒಂದೇ ಮಾತಲ್ಲಿ ಎಲ್ಲರನ್ನೂ ಮಲಗಿಸಿದಳು. "ಎರಡೂ ಕಡೆ ದೊಡ್ಡ ಆಟಗಾರರೆಲ್ಲ ಹರಿಯಾಣಾ, ದಿಲ್ಲಿ ಕಡೆಯವರು. ನೀವ್ಯಾಕೆ ಜಗಳಾಡ್ತೀರಿ?"

ಇರಲಿ. ವಿಷಯಕ್ಕೆ ಬರೋಣ.

ನೋಟ್‌ಬುಕ್ಕಿನ ಚುಕ್ಕಿಗಳೆಂದರೆ ಹಿಡಿತಗಾರರು. ಟಿವಿಯಲ್ಲಿ ಹೆಸರು ಕೇಳಿಸೋದು ರೈಡರುಗಳದ್ದು. ಆದರೆ ಆಡಿದವರಿಗೆ ಗೊತ್ತು, ಕಬಡ್ಡಿ ಅಂದರೆ ಜೋಡಿ. ಎರಡು ತುದಿಯಲ್ಲಿ ಕಾರ್ನರ್ ಜೋಡಿ, ಅವರ ಒಳಗಡೆ ಕವರ್ ಜೋಡಿ. ರೈಡರ್ ಬೋನಸ್ ರೇಖೆಗೆ ಕಾಲು ಚಾಚಿದ ಅನ್ನಿ, ಕಾರ್ನರಿನವನು ಬಗ್ಗಿ ಮೀನಗಂಡ ಹಿಡಿಯುತ್ತಾನೆ. ಅದು ಅರ್ಧ ಕೆಲಸ ಅಷ್ಟೆ. ಹಿಡಿಸಿಕೊಂಡ ರೈಡರ್ ಮುಂದಕ್ಕೆ ಬಿದ್ದು ಕೈ ಚಾಚುತ್ತಾನೆ, ಒಂದು ಬೆರಳು ನಡುಗೆರೆಗೆ ತಾಗಿದರೂ ಮುಗೀತು, ಹಿಡಿದವನೇ ಔಟ್. ಆ ಬೆರಳಿಗೂ ಗೆರೆಗೂ ನಡುವೆ ಇನ್ನೊಬ್ಬ ಬಂದು ಬೀಳಬೇಕು. ಅವನು ನೋಡಿ ಬಂದರೆ ತಡವಾಗುತ್ತದೆ. ನೋಡುವ ಮೊದಲೇ ಬರಬೇಕು.

ಗುಜರಾತಿನ ಲೆಕ್ಕ ಹೀಗಿತ್ತು. ಮೊದಲ ವರ್ಷ, 2017ರಲ್ಲಿ, ಅವರ ಎರಡು ಕಾರ್ನರುಗಳಲ್ಲೂ ಇರಾನಿನವರು. ಎಡಕ್ಕೆ ಫಜಲ್ ಅತ್ರಾಚಲಿ, ಬಲಕ್ಕೆ ಅಬೂಜರ್ ಮಿಘಾನಿ. ಒಂದೇ ದೇಶ, ಒಂದೇ ಭಾಷೆ, ಕಣ್ಣಲ್ಲೇ ಮಾತು. ಹೊಸ ತಂಡ ಫೈನಲ್ಲಿನವರೆಗೂ ಹೋಯಿತು. ಚೆನ್ನೈನಲ್ಲಿ ಪಾಟ್ನಾ ಎದುರು 55-38ಕ್ಕೆ ಸೋತರೂ ಆ ಜೋಡಿಯನ್ನು ಮರೆತವರಿಲ್ಲ. ಮುಂದಿನ ಹರಾಜಿನಲ್ಲಿ ಅದು ಒಡೆಯಿತು. ಫಜಲ್ ಒಂದು ಕೋಟಿಗೆ ಯು ಮುಂಬಾ ಸೇರಿದರು. ಲೀಗಿನಲ್ಲಿ ಕೋಟಿ ಮುಟ್ಟಿದ ಮೊದಲ ಆಟಗಾರ ಅವರೇ. ಅಬೂಜರ್ ತೆಲುಗು ಟೈಟನ್ಸ್‌ಗೆ. 2018ರಲ್ಲಿ ರುತುರಾಜ್ ಕೊರವಿಯಂಥ ಹೊಸಬರು ಕಾರ್ನರಿಗೆ ಬಂದರು. ಉಳಿದದ್ದು ಕವರ್ ಜೋಡಿ: ಬಲಗಡೆ ನಾಯಕ ಸುನಿಲ್ ಕುಮಾರ್, ಎಡಗಡೆ ಪರ್ವೇಶ್ ಭೈಂಸ್ವಾಲ್. ಒಬ್ಬ ಹೆಜ್ಜೆ ಎತ್ತಿದರೆ ಇನ್ನೊಬ್ಬನ ಹೆಜ್ಜೆ ಆಗಲೇ ನೆಲ ಬಿಟ್ಟಿರುತ್ತಿತ್ತು.

ಬುಲ್ಸ್ ಕಡೆ ಕಾರ್ನರಿನಲ್ಲಿ ಅಮಿತ್ ಶೆರಾನ್, ಕವರಿನಲ್ಲಿ ಮಹೇಂದರ್ ಸಿಂಗ್, ಆಶೀಶ್ ಸಂಗ್ವಾನ್. ಮಹೇಂದರ್ ಒಬ್ಬರೇ ಗೋಡೆಯ ಹಾಗೆ ಅಡ್ಡ ನಿಲ್ಲಬಲ್ಲವರು. ಆದರೆ ಗೋಡೆ ಬೇರೆ, ಜೋಡಿ ಬೇರೆ ಅಂತ ನನ್ನ ವಾದ.

ರಾಯರು ಬ್ಯಾಂಕಿನವರು, ಕೂಡಿಸಿ ತೋರಿಸಿದರು. "ಇವನ ಪಾಯಿಂಟು ಇಷ್ಟು, ಅವನದಿಷ್ಟು, ಒಟ್ಟು ಇಷ್ಟು. ಹೆಚ್ಚುಕಮ್ಮಿ ಸಮ ಕಣ್ರೀ."

"ಜೋಡಿ ಅಂದ್ರೆ ಕೂಡೋ ಲೆಕ್ಕ ಅಲ್ಲ ರಾಯರೇ," ಅಂದೆ. ಇಲ್ಲಿ ಪತಂಗ ಹಾರಿಸುವವರನ್ನೇ ನೋಡಿ. ದಾರ ಎಳೆಯುವವನ ಹೆಸರು ಊರಿಗೆಲ್ಲ ಗೊತ್ತು. ಹಿಂದೆ ಫಿರ್ಕಿ ಹಿಡಿದವನು ಸರಿಯಾದ ಹೊತ್ತಿಗೆ ದಾರ ಬಿಡದಿದ್ದರೆ ಅವನೇನು ಮಾಡಿಯಾನು?

ಶೆಟ್ಟರು ಅಷ್ಟು ಹೊತ್ತೂ ಸುಮ್ಮನೆ ಪೋಂಕ್ ತಿನ್ನುತ್ತಿದ್ದರು. ಕೈ ಒರೆಸಿಕೊಂಡು ಕೇಳಿದರು. "ಅದೆಲ್ಲ ಸರಿ. ಆ ಪವನ್ ಸೆಹ್ರಾವತ್ ಹೋದ ವರ್ಷ ಯಾವ ತಂಡದಲ್ಲಿದ್ದ?"

ಎಲ್ಲರೂ ತೆಪ್ಪಗಾದೆವು. ಹೋದ ವರ್ಷ ಪವನ್ ಇದ್ದದ್ದು ಗುಜರಾತಿನಲ್ಲೇ! ಹೆಚ್ಚಿನ ಹೊತ್ತು ಬೆಂಚಿನ ಮೇಲೆ. ಅಂದರೆ ಇಡೀ ಒಂದು ಸೀಸನ್ನು ಸುನಿಲ್-ಪರ್ವೇಶ್ ಜೊತೆ ಒಂದೇ ಮ್ಯಾಟಿನ ಮೇಲೆ ಅಭ್ಯಾಸ ಮಾಡಿದವನು. "ಮನೆಯಲ್ಲಿ ಬಾಡಿಗೆಗಿದ್ದು ಹೋದವನಿಗೆ ಯಾವ ಬಾಗಿಲಿನ ಚಿಲಕ ಸಡಿಲ ಅಂತ ಗೊತ್ತಿರುತ್ತದೆ ಮಾರಾಯ್ರೆ" ಅಂದರು ಶೆಟ್ಟರು. ಆಗ ಹಾಕಿದ್ದು ಆ ಮೂರು ಪ್ರಶ್ನಾರ್ಥಕ.

ನಾನು ಜೋಡಿಯ ಬಗ್ಗೆ ಅಷ್ಟು ಜೋರಾಗಿ ಮಾತಾಡಿದ್ದಕ್ಕೆ ಒಂದು ಕಾರಣವಿತ್ತು. ಅವರಿಬ್ಬರಿಗೂ ಹೇಳಿರಲಿಲ್ಲ.

ನರಗುಂದದ ಕಡೆಯ ನಮ್ಮ ಹಳ್ಳಿಯ ತಂಡದಲ್ಲಿ ಎಡ ಕಾರ್ನರ್ ನಮ್ಮಣ್ಣ, ಬಲ ಕಾರ್ನರ್ ನಾನು. ಎರೆಮಣ್ಣಿನ ಅಂಗಳ, ಸುಣ್ಣದ ಗೆರೆ. 1984ರಲ್ಲಿ ಪಕ್ಕದೂರಿನ ಜಾತ್ರೆಯ ಫೈನಲ್ಲು. ನಮ್ಮ ಕಡೆ ಉಳಿದದ್ದು ನಾವಿಬ್ಬರೇ. ಅಣ್ಣ ರೈಡರಿನ ಕಾಲು ಹಿಡಿದ. ನಾನು ಒಂದು ಕಣ್ಣುರೆಪ್ಪೆಯಷ್ಟು ಹೊತ್ತು ನಿಂತೆ. ಹಿಡಿತ ಗಟ್ಟಿಯಾಗಲಿ ಆಮೇಲೆ ಹೋಗೋಣ ಅಂತಲೋ ಏನೋ. ಅಷ್ಟರಲ್ಲಿ ಅವನು ಅಣ್ಣನನ್ನು ಎಳಕೊಂಡೇ ಗೆರೆ ಮುಟ್ಟಿದ. ಸೋತೆವು. ಅಣ್ಣನ ಮೊಣಕೈ ಕಿತ್ತು ರಕ್ತ. ಮಣ್ಣು ಕೊಡವಿಕೊಳ್ಳುತ್ತಾ ಒಂದೇ ಮಾತು ಅಂದ: "ಬರ್ತೀ ಅಂತ ತಿಳಕೊಂಡಿದ್ನೆಪಾ."

ಎರಡು ವರ್ಷಕ್ಕೆ ನಾನು ಗುಜರಾತಿಗೆ ಬಂದೆ.

ಅವ್ವ ಹಾಸಿಗೆ ಹಿಡಿದದ್ದು 2013ರಲ್ಲಿ. ಮೂರು ವರ್ಷ ಅಣ್ಣ-ಅತ್ತಿಗೆ ನೋಡಿಕೊಂಡರು. ನಾನು ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸಿದೆ. ದುಡ್ಡು ಕಳಿಸುವುದರಲ್ಲಿ ನಾವು ಹೊರಗಿದ್ದವರು ಪಕ್ಕಾ ಅಲ್ಲವೇ? 2016ರಲ್ಲಿ ಅಣ್ಣ "ಒಂದ ಸಲ ಬಂದ ಹೋಗು" ಅಂತ ಫೋನು ಮಾಡಿದಾಗ ನನಗೆ ಕಾರ್ಖಾನೆಯ ವಾರ್ಷಿಕ ರಿಪೇರಿ ಕೆಲಸ. ಮುಗಿಸಿ ಬರ್ತೀನಿ ಅಂದೆ. ಮುಗಿಸಿದೆ. ಅಜ್ಮೇರ್ ಗಾಡಿ ಹಿಡಿದು ಹುಬ್ಬಳ್ಳಿಯಲ್ಲಿಳಿದು ಊರು ಮುಟ್ಟಿದೆ. ಮಣ್ಣಿಗೆ ಸಿಕ್ಕೆ, ಮಾತಿಗೆ ಸಿಗಲಿಲ್ಲ.

ಅಣ್ಣ ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನು 1984ರಲ್ಲೇ ಅಂದುಬಿಟ್ಟಿದ್ದ. ಆಮೇಲಿನ ಎರಡು ವರ್ಷ ನಮ್ಮ ನಡುವೆ ಹಬ್ಬಕ್ಕೊಂದು ಫೋನು. "ಆರಾಮ?" "ಆರಾಮ." ಅಷ್ಟೇ.

ಇನ್ನು ಆಟದ ಫಲಿತಾಂಶ. ಡಿಸೆಂಬರ್ 31ಕ್ಕೆ ಕೊಚ್ಚಿಯಲ್ಲಿ ಬುಲ್ಸ್ 41-29ಕ್ಕೆ ಗೆದ್ದರು. ನನ್ನ ಪುಟದ ಲೆಕ್ಕ ಮೊದಲ ದಿನವೇ ತಲೆಕೆಳಗು. ಜನವರಿ 3ಕ್ಕೆ ಗುಜರಾತ್ ಯುಪಿ ಯೋಧಾ ತಂಡವನ್ನು 38-31ಕ್ಕೆ ಸೋಲಿಸಿ ಮತ್ತೆ ಫೈನಲ್ಲಿಗೆ ಬಂತು. 2019ರ ಜನವರಿ 5, ಮುಂಬಯಿ. ಅರ್ಧ ಆಟಕ್ಕೆ ಗುಜರಾತ್ 16-9 ಮುಂದೆ. ಮಗ ಸೋಫಾದ ಮೇಲೆ ಕುಣಿಯುತ್ತಿದ್ದ. ನಾನು ನೋಟ್‌ಬುಕ್ಕು ತೆಗೆದು "ನೋಡಿದ್ಯಾ, ಕವರ್ ಜೋಡಿ!" ಅಂತ ಮೀಸೆ ತಿರುವಿದೆ. ದ್ವಿತೀಯಾರ್ಧದಲ್ಲಿ ಶೆಟ್ಟರ ಬಾಡಿಗೆದಾರ ಎಲ್ಲ ಬಾಗಿಲನ್ನೂ ತೆಗೆದ. ಪವನ್ ಒಬ್ಬನದೇ 22 ಪಾಯಿಂಟು. ಬುಲ್ಸ್ 38, ಗುಜರಾತ್ 33. ಬೆಂಗಳೂರಿಗೆ ಮೊದಲ ಕಪ್ಪು, ಗುಜರಾತಿಗೆ ಸತತ ಎರಡನೇ ಸಲ ಫೈನಲ್ಲಿನ ಸೋಲು.

ಮಗ ಟಿವಿ ಆರಿಸಿ ಎದ್ದು ಹೋದ. ಅವನ ಮುಖ ನೋಡಿ ನನಗೆ ಕುಣಿಯಲು ಮನಸ್ಸು ಬರಲಿಲ್ಲ. ಅಳಲೂ ಆಗಲಿಲ್ಲ. ಹಾಗೇ ಕೂತಿದ್ದಾಗ ಫೋನು ಬಂತು.

ಅಣ್ಣ. ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ.

"ಆಟಾ ನೋಡಿದೇನು?"

ನೋಡಿದೆ ಅಂದೆ. ಆಮೇಲೆ ಮಾತು ನಿಲ್ಲಲಿಲ್ಲ. ನಾನು ನೋಟ್‌ಬುಕ್ಕು ಹಿಡಿದುಕೊಂಡೇ ನನ್ನ ಜೋಡಿ ಸಿದ್ಧಾಂತವನ್ನೆಲ್ಲ ಒಪ್ಪಿಸಿದೆ. ಅವನು ಪೂರಾ ಕೇಳಿ ಅಂದ: "ನೀ ಹೇಳೂದು ಖರೆ. ಆ ಕವರಿನ ಇಬ್ಬರದೂ ಛಲೋ ಜೋಡಿ. ಅದಕ್ಕ ಸೋತ್ರು. ಒಬ್ಬಾಂವ ಹೊಂಟ ಅಂದ್ರ ಇನ್ನೊಬ್ಬಾಂವ ಬಂದ ಬರ್ತಾನ ಅನ್ನೂದು ಪವನ್ಯಾಗ ಮೊದಲ ಗೊತ್ತಿತ್ತು. ಬರೂ ಜಾಗಾ ಬಿಟ್ಟು ಬ್ಯಾರೆ ಕಡೆ ಹಾರಿದ."

ನಾನು ಹೂಂ ಅಂದೆ. ಒಂದು ಗಳಿಗೆ ಬಿಟ್ಟು ಅಣ್ಣ ಅಂದ:

"ನಮ್ಮ ಜೋಡೀದು ಹಂಗಿರಲಿಲ್ಲ ನೋಡು. ನೀ ಬರ್ತೀಯೋ ಇಲ್ಲೋ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿನಗ ಸೈತ."

ಎರಡು ಸೆಕೆಂಡು ನನಗೆ ಉಸಿರೇ ಬರಲಿಲ್ಲ. ಆ ಕಡೆಯಿಂದ ಅವನು ನಗುವುದು ಕೇಳಿಸಿತು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೆ, "ತಪ್ಪಾತಣ್ಣಾ" ಅಂದೆ. ಯಾವ ತಪ್ಪು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಹೋಗ್ಲಿ ಬಿಡು. ಇಬ್ಬರಾಗ ಒಬ್ಬಾಂವ ಇಲ್ಲಂದ್ರ ಉಳದಾಂವ ನಡುವ ಬಂದು ನಿಲ್ತಾನ. ಅಷ್ಟ ಮಾಡೀನಿ ನಾ" ಅಂದ.

ಅಲ್ಲಿಂದೀಚೆಗೆ ಕಬಡ್ಡಿಯ ನೆಪದಲ್ಲಿ ವಾರಕ್ಕೆರಡು ಫೋನು. ಸುನಿಲ್, ಪರ್ವೇಶ್ ಮುಂದೆ ಬೇರೆ ಬೇರೆಯಾದರು. 2022ರಲ್ಲಿ ಸುನಿಲ್ ನಾಯಕತ್ವದಲ್ಲಿ ಜೈಪುರ ಕಪ್ ಗೆದ್ದಿತು. ಪರ್ವೇಶ್ ಆಗ ತೆಲುಗು ಟೈಟನ್ಸ್‌ನಲ್ಲಿ. 2024ರಲ್ಲಿ ಇಬ್ಬರೂ ಯು ಮುಂಬಾದಲ್ಲಿ ಮತ್ತೆ ಸೇರಿದರು. ಸುದ್ದಿ ನೋಡಿದವನೇ ಅಣ್ಣನಿಗೆ ಫೋನು ಮಾಡಿ, "ಜೋಡಿ ಮತ್ತ ಕೂಡಿತು ನೋಡಣ್ಣ" ಅಂದೆ.

"ಅವರೇನೋ ಕೂಡ್ಯಾರ," ಅಂದ. ಮುಂದೆ ಏನೂ ಅನ್ನಲಿಲ್ಲ.

ಫಿರ್ಕಿ ಇಳಿಸಿಕೊಟ್ಟೆ. ನೋಟ್‌ಬುಕ್ಕನ್ನು ರದ್ದಿಗೆ ಹಾಕಲು ಕೇಳಿದಳು, ಕೊಡಲಿಲ್ಲ. ಉತ್ತರಾಯಣ ಮುಗಿದ ವಾರಕ್ಕೆ ಅಜ್ಮೇರ್ ಗಾಡಿಗೆ ಎರಡು ಟಿಕೆಟು ಬುಕ್ ಮಾಡಿದ್ದೇನೆ, ನನಗೂ ಮಗನಿಗೂ. ಹೊಲದಲ್ಲಿ ಸೀತನಿ ಮುಗಿಯುವುದರೊಳಗೆ ಹೋಗಬೇಕು. ಅಣ್ಣನಿಗೆ ಹೇಳಿಲ್ಲ. ಹೇಳಿ ಹೋದರೆ ಅದೇನು ಕಾರ್ನರ್ ಆಟ?