ಹಿಡಿ ಮರಳಿಗೆ ಎಷ್ಟು ಕ್ರೆಡಿಟ್?

ಮಾಚೇನಹಳ್ಳಿ,
ಭಾನುವಾರ ಸಂಜೆ

ಪ್ರೀತಿಯ ಮಿತ್ರರೇ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಪರೀಕ್ಷೆ ಪೇಪರು ತಿದ್ದುವ ಕೆಲಸ ತಲೆ ಮೇಲೆ ಕೂತಿತ್ತು. ಪದವಿಯನ್ನು ಎರಡನೇ ವರ್ಷಕ್ಕೇ ಬಿಟ್ಟು ಇಲ್ಲಿನ ಫೌಂಡ್ರಿಯೊಂದಕ್ಕೆ ಸೇರಿದ ಮಗನ ವಿಷಯ ಬರೆದಿದ್ದೀರಿ. ಅವನನ್ನು ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಕೊರಗಿದ್ದೀರಿ. ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮ ಎದುರುಮನೆಯವರ ವಿಷಯ ಹೇಳಿಬಿಡುತ್ತೇನೆ.

ಅವರು ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಮೋಲ್ಡರ್. ಒಮ್ಮೆ ಅವರ ಕೆಲಸ ನೋಡಲು ಹೋಗಿದ್ದೆ. ಅಚ್ಚಿಗೆ ತುಂಬುವ ಮರಳನ್ನು ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಒತ್ತಿದರು. ಕೈ ಬಿಚ್ಚಿದರೆ ಮರಳಿನ ಮುದ್ದೆಯ ಮೇಲೆ ಬೆರಳಿನ ಗೆರೆಗಳೆಲ್ಲ ಮೂಡಿದ್ದವು. ಅದನ್ನು ನಡುವಿಗೆ ಮುರಿದರು. ಅಂಚು ಉದುರಿದರೆ ನೀರು ಸಾಲದು, ಅಂಗೈಗೆ ಅಂಟಿದರೆ ಹೆಚ್ಚಾಗಿದೆ. ತೀರಾ ಒದ್ದೆಯಾದ ಮರಳಿಗೆ ಕರಗಿದ ಕಬ್ಬಿಣ ಬಿದ್ದರೆ ಒಳಗೇ ಹಬೆ ಎದ್ದು ಎರಕದಲ್ಲಿ ತೂತು ಬೀಳುತ್ತದೆ, ಆ ಮಾಲು ಮತ್ತೆ ಕುಲುಮೆಗೇ ದಾರಿ. ನಮ್ಮ ಮನೆಗಳಲ್ಲಿ ಕಡುಬಿನ ಹಿಟ್ಟಿನ ಹದ ನೋಡುತ್ತಾರಲ್ಲ, ಹಾಗೆ. "ಮೀಟರು ಆಮೇಲೆ ಹೇಳುತ್ತೆ ಬಿಡಿ ಸರ್" ಎಂದು ನಕ್ಕರು.

ಅಲ್ಲೇ ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ನೋಟ್‌ಬುಕ್ ಹಿಡಿದು ನಿಂತಿದ್ದರು. ಇಂಟರ್ನ್‌ಶಿಪ್‌ಗೆ ಬಂದವರು. ಮರಳಿನ ಹದ ನೋಡುವುದನ್ನು ಇವರ ಕೈಯಿಂದಲೇ ಕಲಿತು, ವರದಿ ಬರೆದು, ಕಾಲೇಜಿನಲ್ಲಿ ಕ್ರೆಡಿಟ್ ಪಡೆಯುತ್ತಾರೆ. ಕಲಿತವರಿಗೆ ಕ್ರೆಡಿಟ್, ಕಲಿಸಿದವರಿಗೆ ಟೀ! ಇದನ್ನು ನಾನು ಹೇಳಿದಾಗ ಅವರೇನೂ ನೊಂದುಕೊಳ್ಳಲಿಲ್ಲ. ನೊಂದದ್ದು ನಾನೇ.

ಕೆಲಸ ಮಾಡಿ ಕಲಿತದ್ದಕ್ಕೆ ಬೆಲೆ ಕಟ್ಟುವ ವ್ಯವಸ್ಥೆ ನಮ್ಮಲ್ಲಿ ಇಲ್ಲ ಅಂತಲ್ಲ. ಪ್ರಧಾನಮಂತ್ರಿ ಕೌಶಲ್ ವಿಕಾಸ ಯೋಜನೆ 2015ರಲ್ಲಿ ಶುರುವಾಯಿತು. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅದರಲ್ಲೇ ಇದೆ. 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ಹೆಸರಿಗೆ ತಕ್ಕ ಹಾಗೆ ಅದು ಬ್ಯಾಂಕೇ: ವಿದ್ಯಾರ್ಥಿಗೊಂದು ಖಾತೆ, ಪಾಸಾದ ವಿಷಯದ ಕ್ರೆಡಿಟ್ ಅದಕ್ಕೆ ಜಮಾ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಂತೂ ಮೂವತ್ತು ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಎಂದು ಲೆಕ್ಕ ಹಾಕಿಟ್ಟು, ತರಗತಿಯ ಓದಿನ ಜೊತೆಗೆ ಕೆಲಸದ ಅನುಭವವನ್ನೂ ಎಣಿಸಬಹುದು ಎನ್ನುತ್ತದೆ. ಆ ಲೆಕ್ಕದಲ್ಲಿ ನಮ್ಮ ಎದುರುಮನೆಯವರು ಇಷ್ಟು ಹೊತ್ತಿಗೆ ಡಾಕ್ಟರೇಟ್ ಮುಗಿಸಿರಬೇಕಿತ್ತು.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಅವರೂ ಒಮ್ಮೆ, ಮೊದಲೇ ಕಲಿತದ್ದನ್ನು ಅಳೆಯುವ ಇಂಥದೊಂದು ಪರೀಕ್ಷೆಗೆ ಕೂತಿದ್ದರಂತೆ. ಯಾರು ನಡೆಸಿದರು ಎಂಬುದು ಬೇಡ. ಕೈಗೊಂದು ಟ್ಯಾಬ್ ಕೊಟ್ಟರು. ಮರಳಿನ ತೇವಾಂಶ ಶೇಕಡಾ ಎಷ್ಟಿರಬೇಕು ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಇವರು ತಲೆಯೆತ್ತಿ ಕೇಳಿದರಂತೆ: "ಮರಳು ಎಲ್ಲಿ?"

ಈ ಎರಡು ಪದ ನನ್ನ ತಲೆಯಲ್ಲಿ ಇನ್ನೂ ಸುತ್ತುತ್ತಿವೆ. ಯಾಕೆಂದರೆ ಇದೇ ತಪ್ಪನ್ನು ನನ್ನ ಕ್ಲಾಸಿನಲ್ಲಿ ನಾನೂ ಮಾಡಿದವನು.

ಕೆಲವು ವರ್ಷದ ಹಿಂದೆ ಕಣ್ಣು ಕಾಣದ ಒಬ್ಬಳು ಹುಡುಗಿ ನಮ್ಮ ತರಗತಿಗೆ ಸೇರಿದಳು. ಪರದೆ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಇಬ್ಬರು ಗೆಳೆಯರೇ ಅದನ್ನು ಕಟ್ಟಿದ್ದು. 2006ರಲ್ಲಿ ಶುರುವಾದದ್ದು ಇವತ್ತಿಗೂ ಉಚಿತ. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಸ್ವಲ್ಪ ತಗಡು ಬಡಿದ ಹಾಗೆ. ನಾನು ಬಹಳ ಉದಾರಿಯಂತೆ ನನ್ನ ಹತ್ತು ವರ್ಷದ ನೋಟ್ಸನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಮರುದಿನ ಬಂದು, "ಸರ್, ನಿಮ್ಮ ಪಾಠದಲ್ಲಿ ಬರೀ ಪೌಂಡು ಕೇಳಿಸ್ತಿದೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳ ಪಕ್ಕ ಕೂತು ಅಕ್ಷರ ಅಕ್ಷರವಾಗಿ ಓದಿಸಿದೆ. 'ಕನ್ನಡ' ಎಂದು ನನ್ನ ಕಣ್ಣಿಗೆ ಕಾಣುವ ಪದವನ್ನು ಆ ಯಂತ್ರ "ಪಿ" ಎಂದು ಶುರುಮಾಡಿ, ನಡುವೆ "ಪೌಂಡ್" ಎಂದು, ಆಮೇಲೆ "ಕ್ಯೂ" ಎನ್ನುತ್ತಿತ್ತು. ನಾನು ಟೈಪಿಸಿದ್ದು ಹಳೆಯ ನುಡಿ ಫಾಂಟಿನಲ್ಲಿ. ಅದರಲ್ಲಿ ಕನ್ನಡ ಬರೀ ಮೇಲುಹೊದಿಕೆ, ಕಡತದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. 'ನ' ಇದ್ದಲ್ಲೆಲ್ಲ ಬ್ರಿಟಿಷರ ದುಡ್ಡಿನ ಗುರುತು! ಕಣ್ಣಿದ್ದವರಿಗೆ ಅದು ಕನ್ನಡ, ಕಿವಿಯಲ್ಲಿ ಓದುವವಳಿಗೆ ಬರೀ ಗದ್ದಲ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಕೊಟ್ಟ ಕಡತಗಳದ್ದು ಇನ್ನೂ ಕಷ್ಟ. ಅವು ಬರೀ ಚಿತ್ರ, ಯಂತ್ರ ಬಾಯೇ ಬಿಡಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಅವರಿಗೆ ಮೀಸಲು. ಸೀಟು ಕೊಟ್ಟು ಪಾಠ ಕೊಡದವರ ಸಾಲಿನಲ್ಲಿ ನಾನೂ ನಿಂತಿದ್ದೆ. ನುಡಿಯಲ್ಲಿದ್ದ ನೋಟ್ಸನ್ನೆಲ್ಲ, ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡಿಗೆ ಬದಲಾಯಿಸಲು ಹಿಡಿದದ್ದು ಎರಡು ಸಂಜೆ. ಹತ್ತು ವರ್ಷ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಓದಲು ಬಾರದ್ದು ಅವಳಿಗಲ್ಲ, ನನ್ನ ನೋಟ್ಸಿಗೆ. ಮೋಲ್ಡರ್ ವಿಷಯದಲ್ಲೂ ಅಷ್ಟೇ, ಆ ಟ್ಯಾಬಿಗೆ ಅವರ ಕೈ ಓದಲು ಬರಲಿಲ್ಲ. ಅದೇ ಟ್ಯಾಬಿಗೆ ಒಂದು ಕ್ಯಾಮೆರಾ ಇದೆ, ಮೈಕೂ ಇದೆ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಹೇಳಿಸಿ, ಮುಷ್ಟಿ ಕಟ್ಟಿ ಮುರಿಯುವುದನ್ನು ಎರಡು ನಿಮಿಷ ವಿಡಿಯೋ ಮಾಡಿಕೊಂಡು, ಅವತ್ತಿನ ಎರಕದ ಫಲಿತಾಂಶದ ಜೊತೆ ಇಟ್ಟು ನೋಡಿದ್ದರೆ ಪರೀಕ್ಷೆ ಮುಗಿದೇ ಹೋಗುತ್ತಿತ್ತು. ದುಡ್ಡಿನ ಕೊರತೆ ಇದಕ್ಕೆ ಅಡ್ಡ ಬಂದಿದೆ ಎಂದು ನನಗನ್ನಿಸುವುದಿಲ್ಲ. ಮರಳಿನ ಹತ್ತಿರ ಹೋಗಲು ಸೋಮಾರಿತನ ಅಷ್ಟೇ.

ಭದ್ರಾವತಿಗೆ ಹತ್ತಿರದ ಈ ನೆಲದಲ್ಲಿ ಕೂತು ಹೀಗೆ ಬರೆಯುವಾಗ ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿತು. ಸೌದೆಯ ಇದ್ದಿಲಿನ ಕುಲುಮೆ ಅದು. ನಷ್ಟದಲ್ಲಿ ತತ್ತರಿಸುತ್ತಿದ್ದ ಅದನ್ನು ಅಧ್ಯಕ್ಷರಾಗಿ ಅವರು ಕಾಲ ಮೇಲೆ ನಿಲ್ಲಿಸಿದರು, ಸಂಬಳ ಮುಟ್ಟಲಿಲ್ಲ. ಅವರಿಗೆ ಸಲ್ಲಬೇಕಾದ ದುಡ್ಡು ಲಕ್ಷ ದಾಟಿದಾಗ ಕೈಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗಿನ ಎಸ್‌ಜೆಪಿ, 1943ರಲ್ಲಿ ಎದ್ದು ನಿಂತದ್ದು ಹಾಗೆ. ಭದ್ರಾವತಿಯ ಬೆಂಕಿಯ ದುಡ್ಡು ಬೆಂಗಳೂರಿನಲ್ಲಿ ಪಾಠವಾಯಿತು. ಭದ್ರಾವತಿಯಲ್ಲಿ ಆ ಬೆಂಕಿಯ ಮುಂದೆ ನಿಂತವರ ಕೈಗೆ ಮಾತ್ರ ಸರ್ಟಿಫಿಕೇಟ್ ಬಂದದ್ದನ್ನು ನಾನು ಕೇಳಿಲ್ಲ.

ಇನ್ನು ನಿಮ್ಮ ಮಗನ ಮಾತು. ಅವನು ಪಾಸಾದ ಸೆಮಿಸ್ಟರುಗಳು ಎಲ್ಲೂ ಹೋಗಿಲ್ಲ. ಡಿಜಿಲಾಕರ್‌ನಲ್ಲಿ ಅವನ ಕ್ರೆಡಿಟ್ ಖಾತೆ ತೆರೆಸಿ, ಕ್ರೆಡಿಟ್‌ಗಳು ಜಮಾ ಆಗಿವೆಯೇ ನೋಡಿ, ಇಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿಸಿ. ನಿಧಾನ ಮಾಡಬೇಡಿ, ಆ ಖಾತೆಯ ಕ್ರೆಡಿಟ್‌ಗಳಿಗೂ ಏಳು ವರ್ಷದ ಆಯಸ್ಸು. ಕೆಲಸ ಬಿಡದೆ ಓದುವುದಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ, 1996ರಲ್ಲಿ ಇಂಥವರಿಗಾಗಿಯೇ ಶುರುವಾದದ್ದು. ನಿಯಮಗಳಂತೂ ಬಸ್ಸಿನ ಬೋರ್ಡಿನ ಹಾಗೆ ಬದಲಾಗುತ್ತಿರುತ್ತವೆ. 2021ರಲ್ಲಿ ನಮ್ಮ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತಲ್ಲ. ಆದ್ದರಿಂದ ಯಾವ ವಿಷಯಕ್ಕೆ ವಿನಾಯಿತಿ ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಮುಂದಿನ ಭಾನುವಾರ ಅವನನ್ನು ಕರೆದುಕೊಂಡು ಬನ್ನಿ. ಭದ್ರಾವತಿ ಬಸ್ಸು ಹತ್ತಿ ಶಿಮುಲ್ ಡೇರಿ ಹತ್ತಿರ ಇಳಿದರೆ ನಾನೇ ಬಂದು ಕರೆದೊಯ್ಯುತ್ತೇನೆ. ಮಾರ್ಕ್ಸ್ ಕಾರ್ಡ್ ಮರೆಯಬೇಡಿ. ಎದುರುಮನೆಯವರಿಗೂ ಹೇಳಿಟ್ಟಿದ್ದೇನೆ, "ಮೊದಲು ಹುಡುಗನ ಕೈ ನೋಡೋಣ" ಅಂದಿದ್ದಾರೆ.

ನಿಮ್ಮವ,
ಮಾಚೇನಹಳ್ಳಿಯ ಮೇಷ್ಟ್ರು