ಭಾನುವಾರದ ಸೈಕಲ್ ಸವಾರಿ

ನಲವತ್ತು ದಾಟಿದ ಮೇಲೆ ಸೈಕಲ್ಲೇ ಅಂತ ಹುಬ್ಬೇರಿಸಬೇಡಿ, ಸೋದರಿಯರೇ! ನಮ್ಮಮ್ಮನಿಗೆ ಐವತ್ತಕ್ಕೇ ಮಂಡಿ ಹಿಡಿದಿತ್ತು. ನನಗೆ ಆ ಪಾಡು ಬೇಡ.

ಸೈಕಲ್ ತುಳಿದರೆ ತೊಡೆಗಳಿಗೇ ಹೆಚ್ಚು ಕೆಲಸ. ಅದಕ್ಕೇ ಶನಿವಾರ ಬೆನ್ನು, ತೋಳುಗಳಿಗೆ ಸೂರ್ಯನಮಸ್ಕಾರ, ಆಮೇಲೆ ಮಹಡಿ ಮೆಟ್ಟಿಲು ಹತ್ತಿಳಿಯುವುದು. ಭಾನುವಾರ ನಸುಕಿನಲ್ಲೇ, ಲಾರಿಗಳ ಗದ್ದಲಕ್ಕೆ ಮೊದಲು, ಕಾಮಾಕ್ಷಿಪಾಳ್ಯದಿಂದ ಮಾಗಡಿ ರಸ್ತೆ ಹಿಡಿಯುತ್ತೇನೆ. ಸುಂಕದಕಟ್ಟೆ, ತಾವರೆಕೆರೆ ದಾಟಿದರೆ ಹೊಲಗಳ ತಂಗಾಳಿ. ಮುಂದೆ ತಿಪ್ಪಗೊಂಡನಹಳ್ಳಿ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯವೇ ಬಹುಕಾಲ ಬೆಂಗಳೂರಿನ ನಲ್ಲಿಗಳಿಗೆ ನೀರು ಕೊಟ್ಟಿತು.

ಎರಡು ಬಾಳೆಹಣ್ಣು, ಉಪ್ಪು ಬೆರೆಸಿದ ನಿಂಬೆ ಪಾನಕ ಜೊತೆಗಿರಲಿ. ಅಂದಿನ ತಿಂಡಿಯೇ? ನಮ್ಮ ಮನೆಯವರು ಉಪ್ಪಿಟ್ಟು ಕಲಿತಿದ್ದಾರೆ! ವಾರಕ್ಕೊಂದು ಬೆಳಗ್ಗೆ ನೀವೂ ಕೇಳಿ ಪಡೆದುಕೊಳ್ಳಿ.